ರೋಗಿಯ ನುಡಿಗೆ ಯಂತ್ರದ ಲಿಪಿ

ಹೊಸ ಔಷಧವೊಂದು ಅಂಗಡಿಯ ಕಪಾಟಿಗೆ ಬರುವುದಕ್ಕೆ ಮುನ್ನ ಹಾದುಬರಬೇಕಾದ ಪರೀಕ್ಷೆಗಳ ಪರಂಪರೆಯಲ್ಲಿ ಅತ್ಯಂತ ಕಠಿನವಾದುದು ಮನುಷ್ಯರ ಮೇಲೆಯೇ ನಡೆಯುವ ಪರೀಕ್ಷೆ. ಅದನ್ನು ನಾವು ಇಂದು ಕ್ಲಿನಿಕಲ್ ಟ್ರಯಲ್ ಎಂಬ ಹೆಸರಿನಿಂದಲೇ ಬಲ್ಲೆವು. ಅದಕ್ಕೆ ಒಪ್ಪಿ ಬಂದವರಲ್ಲಿ ಕೆಲವರಿಗೆ ಹೊಸ ಔಷಧ, ಉಳಿದವರಿಗೆ ಅದರಂತೆಯೇ ತೋರುವ ನಿಸ್ಸತ್ತ್ವವಾದ ಗುಳಿಗೆ ಇಲ್ಲವೆ ಈಗಾಗಲೇ ರೂಢಿಯಲ್ಲಿರುವ ಚಿಕಿತ್ಸೆ ದೊರೆಯುತ್ತದೆ. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸತಕ್ಕದ್ದು ವೈದ್ಯರ ಇಚ್ಛೆಯಲ್ಲ, ರೋಗಿಯ ಅಪೇಕ್ಷೆಯೂ ಅಲ್ಲ, ಕೇವಲ ಯದೃಚ್ಛೆ. ಇಷ್ಟೆಲ್ಲ ಏರ್ಪಾಡಿನ ಕೊನೆಯಲ್ಲಿ ಕೇಳಬೇಕಾಗಿರುವ ಪ್ರಶ್ನೆಯಾದರೋ ತೀರ ಸರಳವಾದುದು: ಯಾರಿಗೆ ಒಳಿತಾಯಿತು, ಯಾರಿಗೆ ಕೆಡುಕಾಯಿತು, ಎಷ್ಟಾಯಿತು, ಯಾವಾಗ ಆಯಿತು?

ಈ ಪ್ರಶ್ನೆಗೆ ಉತ್ತರವನ್ನು ಎಲ್ಲಿಂದ ಪಡೆಯುವುದು? ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವುದಕ್ಕೆ ಸಾಧನವುಂಟು. ರಕ್ತದೊತ್ತಡವನ್ನು ಅಳೆಯುವುದಕ್ಕೆ ಪಟ್ಟಿಯುಂಟು. ಗಡ್ಡೆ ಕುಗ್ಗಿತೋ ಬೆಳೆಯಿತೋ ಎಂಬುದನ್ನು ಸ್ಕ್ಯಾನಿಂಗ್ ತೋರಿಸಿಕೊಡುತ್ತದೆ. ಆದರೆ ನೋವು, ಆಯಾಸ, ವಾಕರಿಕೆ, ತುರಿಕೆ, ನಿದ್ರಾಹೀನತೆ, ಮನಸ್ಸಿನ ಕುಗ್ಗು ಮೊದಲಾದುವನ್ನು ಅಳೆಯುವ ಮಾಪಕ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಅವನ್ನು ಅನುಭವಿಸುವವನ ಮಾತೇ ಅಲ್ಲಿ ಏಕೈಕ ಪ್ರಮಾಣ. ರೋಗಿಯ ಜೀವನವನ್ನು ಸಹ್ಯವನ್ನಾಗಿಯೋ ಅಸಹ್ಯವನ್ನಾಗಿಯೋ ಮಾಡುವುದು ಬಹುಮಟ್ಟಿಗೆ ಇಂತಹ ಅಳತೆಗೆ ಸಿಕ್ಕದ ಸಂಗತಿಗಳೇ ಆಗಿರುವುದರಿಂದ, ಅವನ ಮಾತನ್ನು ಸರಿಯಾಗಿ, ಸಕಾಲದಲ್ಲಿ, ಕೂಡಿಕೆ ಕಳೆಯುವಿಕೆಗಳಿಲ್ಲದೆ ಬರೆದುಕೊಳ್ಳುವುದು ವೈದ್ಯಶಾಸ್ತ್ರದ ದೊಡ್ಡ ಹೊಣೆಗಳಲ್ಲೊಂದು. ಮೊಬೈಲ್ ಫೋನಿನ ಆ್ಯಪ್ ಎಂಬ ಹೊಸ ಉಪಕರಣ ಈ ಹೊಣೆಯಲ್ಲಿ ತನ್ನ ಹೆಗಲನ್ನು ಕೊಡಲು ಬಂದಿದೆ. ಅದು ಮಾಡಬಲ್ಲುದೇನು, ಮಾಡಲಾರದುದೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸಕಾಲದಲ್ಲಿ ಬರೆದುಕೊಳ್ಳಬೇಕು ಎಂಬ ಮಾತಿಗೆ ಇಷ್ಟು ಒತ್ತು ಏಕೆಂದರೆ, ನೋವಿನ ವಿಷಯದಲ್ಲಿ ಮನುಷ್ಯನ ಸ್ಮೃತಿ ನಂಬತಕ್ಕ ಲೆಕ್ಕಿಗನಲ್ಲ. ಡೊನಾಲ್ಡ್ ರೆಡೆಲ್‌ಮಯರ್ ಎಂಬ ವೈದ್ಯರೂ ಡ್ಯಾನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರೂ ಕೂಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ದೊಡ್ಡ ಕರುಳಿನ ಒಳಪರೀಕ್ಷೆಗೆ ಒಳಗಾದವರು ಆ ಸಮಯದಲ್ಲಿ ಕ್ಷಣಕ್ಷಣಕ್ಕೂ ಹೇಳಿದ ನೋವಿನ ಪ್ರಮಾಣವನ್ನು, ಅನಂತರ ಅವರು ನೆನಪಿನಿಂದ ಹೇಳಿದುದರೊಡನೆ ಹೋಲಿಸಿ ನೋಡಿದಾಗ, ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಎಂಬುದು ನೆನಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಬಂದೇ ಇರಲಿಲ್ಲ. ಅತ್ಯಂತ ತೀವ್ರವಾಗಿದ್ದ ನೋವು ಮತ್ತು ಕಟ್ಟಕಡೆಯ ಕೆಲವು ನಿಮಿಷಗಳ ನೋವು, ಇವೆರಡೇ ಒಟ್ಟು ಅನುಭವದ ತೀರ್ಪನ್ನು ಬರೆದಿದ್ದುವು. ಹೀಗಿರುವಾಗ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ರೋಗಿಯನ್ನು ‘ಕಳೆದ ತಿಂಗಳೆಲ್ಲ ಹೇಗಿದ್ದಿರಿ?’ ಎಂದು ಕೇಳಿದರೆ, ನಮಗೆ ಸಿಕ್ಕುವುದು ತಿಂಗಳಿನ ವೃತ್ತಾಂತವಲ್ಲ. ಅದರಲ್ಲಿನ ಅತ್ಯಂತ ಕೆಟ್ಟ ದಿನದ ನೆರಳೂ ನಿನ್ನೆಯ ರಾತ್ರಿಯ ನೆರಳೂ ಸೇರಿ ಆದ ಒಂದು ಮಿಶ್ರಚಿತ್ರ.

ಈ ದೋಷವನ್ನು ನೀಗಿಸಿಕೊಳ್ಳಲೆಂದೇ ಸಂಶೋಧಕರು ಬಹುಕಾಲದಿಂದ ರೋಗಿಗಳ ಕೈಗೆ ಕಾಗದದ ದಿನಚರಿಗಳನ್ನು ಕೊಡುತ್ತಿದ್ದರು. ಗೊತ್ತಾದ ಹೊತ್ತಿಗೆ ಗೊತ್ತಾದ ಪ್ರಶ್ನೆಗಳಿಗೆ ಉತ್ತರ ಬರೆದು, ಬರೆದ ವೇಳೆಯನ್ನೂ ನಮೂದಿಸಬೇಕೆಂಬುದು ಕಟ್ಟಳೆ. ದಿನಚರಿಗಳು ತುಂಬಿ ಬರುತ್ತಿದ್ದುವು, ಸಂಶೋಧಕರು ಸಂತುಷ್ಟರಾಗುತ್ತಿದ್ದರು. ಈ ಸಂತೋಷಕ್ಕೆ ಆಧಾರವೆಷ್ಟು ಎಂಬುದನ್ನು ಆರ್ಥರ್ ಸ್ಟೋನ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಒಂದು ಸೂಕ್ಷ್ಮವಾದ ಪ್ರಯೋಗದಿಂದ ಪರಿಶೀಲಿಸಿದರು. ದೀರ್ಘಕಾಲದ ನೋವಿನಿಂದ ನರಳುತ್ತಿದ್ದ 80 ಮಂದಿ ವಯಸ್ಕರಲ್ಲಿ ಕೆಲವರಿಗೆ ಕಾಗದದ ದಿನಚರಿಯನ್ನೂ ಉಳಿದವರಿಗೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಗಣಕವನ್ನೂ ಕೊಟ್ಟು, ದಿನಕ್ಕೆ ಮೂರು ಬಾರಿಯಂತೆ ಮೂರು ವಾರಗಳ ಕಾಲ ನೋವಿನ ಲೆಕ್ಕ ಬರೆಯುವಂತೆ ಹೇಳಿದರು. ಕಾಗದದ ದಿನಚರಿಯ ರಟ್ಟಿನೊಳಗೆ ಬೆಳಕನ್ನು ಗ್ರಹಿಸುವ ಸಾಧನವೊಂದು ಅಡಗಿದ್ದಿತು. ಪುಸ್ತಕವನ್ನು ಯಾವಾಗ ತೆರೆದರು, ಯಾವಾಗ ಮುಚ್ಚಿದರು ಎಂಬುದನ್ನು ಅದು ಗುರುತು ಹಾಕಿಕೊಳ್ಳುತ್ತಿದ್ದಿತು.

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಪ್ರಯೋಗದ ಫಲಿತಾಂಶ ಇಂದಿಗೂ ಈ ಕ್ಷೇತ್ರದವರೆಲ್ಲರ ನಾಲಗೆಯ ಮೇಲಿದೆ. ಕಾಗದದ ದಿನಚರಿಗಳ ಮೇಲೆ ಬರೆದಿದ್ದ ವೇಳೆಗಳನ್ನು ನಂಬಿದರೆ, ನೂರಕ್ಕೆ 90 ಬಾರಿ ರೋಗಿಗಳು ಹೊತ್ತಿಗೆ ಸರಿಯಾಗಿ ಬರೆದಿದ್ದರು. ರಟ್ಟಿನೊಳಗಿನ ಸಾಧನದ ಸಾಕ್ಷ್ಯದಂತೆ ನಿಜವಾಗಿ ಹೊತ್ತಿಗೆ ಸರಿಯಾಗಿ ಬರೆದುದು ನೂರಕ್ಕೆ 11 ಬಾರಿ ಮಾತ್ರ. ನೂರಕ್ಕೆ 32 ದಿನಗಳಲ್ಲಿ ಪುಸ್ತಕವನ್ನು ತೆರೆದೇ ಇರಲಿಲ್ಲ. ಆದರೂ ಆ ದಿನಗಳ ಪುಟಗಳೂ ಹೆಚ್ಚುಕಡಿಮೆ ಪೂರ್ಣವಾಗಿ ತುಂಬಿದ್ದುವು. ಬೇಸಗೆಯ ರಜೆಯ ಕಾಪಿಪುಸ್ತಕವನ್ನು ಶಾಲೆ ತೆರೆಯುವ ಹಿಂದಿನ ರಾತ್ರಿ ಒಂದೇ ಸಮನೆ ಬರೆದು ಮುಗಿಸುವ ಬಾಲಕನಂತೆ, ರೋಗಿಗಳು ಎಷ್ಟೋ ದಿನಗಳ ನೋವನ್ನು ಒಂದೇ ಸಲಕ್ಕೆ ಕುಳಿತು ಬರೆದಿದ್ದರು. ಪುಟ್ಟ ಗಣಕವನ್ನು ಹಿಡಿದವರಲ್ಲಾದರೋ, ಹೊತ್ತಿಗೆ ಸರಿಯಾಗಿ ಉತ್ತರಿಸಿದ ಪ್ರಮಾಣ ನೂರಕ್ಕೆ 94.

ಇದನ್ನು ಓದಿ ರೋಗಿಗಳು ವಂಚಕರೆಂದು ಯಾರೂ ತೀರ್ಮಾನಿಸಬಾರದು. ನೋವಿನಲ್ಲಿರುವವನಿಗೆ ಲೇಖನಿ ಹಿಡಿಯುವುದೇ ಒಂದು ಶ್ರಮ. ಮರೆತುದನ್ನು ತುಂಬಿಕೊಟ್ಟರೆ ವೈದ್ಯರಿಗೆ ಉಪಕಾರವಾದೀತೆಂಬ ಸದ್ಭಾವನೆಯೇ ಅವರನ್ನು ಹಾಗೆ ಬರೆಯಿಸಿರಬಹುದು. ದೋಷವಿದ್ದುದು ಏರ್ಪಾಡಿನಲ್ಲಿ. ದಿನಚರಿ ಕೊಟ್ಟವರು ಅದನ್ನು ಮತ್ತೆ ನೋಡುವುದು ವಾರಗಳ ಅನಂತರ. ನಡುವೆ ಬರೆದರೂ ಬರೆಯದಿದ್ದರೂ ಗಮನಿಸುವವರಿಲ್ಲ, ಜ್ಞಾಪಿಸುವವರಿಲ್ಲ, ‘ನಿನ್ನೆ ನೋವು ಹೆಚ್ಚಾಗಿತ್ತೆಂದು ಬರೆದಿದ್ದೀರಿ, ಇಂದು ಹೇಗಿದೆ?’ ಎಂದು ಕೇಳುವವರಿಲ್ಲ. ಆಲಿಸುವವರಿಲ್ಲದ ಸಾಕ್ಷ್ಯ ಶಿಥಿಲವಾಗುವುದು ಸ್ವಭಾವಸಿದ್ಧವಾದುದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಏತಕ್ಕೆಂದರೆ ಆ್ಯಪ್‌ನ ಗುಣದೋಷಗಳನ್ನು ಅಳೆಯುವುದಕ್ಕೂ ಇದೇ ಅಳತೆಗೋಲು.

ಈಗಿನ ಟ್ರಯಲ್‌ಗಳಲ್ಲಿ ಆ್ಯಪ್ ಕೆಲಸ ಮಾಡುವ ಬಗೆ ಹೀಗೆ. ಭಾಗಿಯಾದವರ ಸ್ವಂತ ಫೋನಿನಲ್ಲಿಯೋ, ಟ್ರಯಲ್ ನಡೆಸುವವರೇ ಕೊಟ್ಟ ಫೋನಿನಲ್ಲಿಯೋ ಅದನ್ನು ಸ್ಥಾಪಿಸುತ್ತಾರೆ. ಗುಪ್ತ ಸಂಖ್ಯೆಯೊಂದನ್ನು ಒತ್ತಿದರೆ ಮಾತ್ರ ತೆರೆಯುವಂತೆ ಮಾಡುತ್ತಾರೆ. ವ್ಯಕ್ತಿಯ ಹೆಸರಿಗೆ ಬದಲಾಗಿ ಒಂದು ಸಂಕೇತ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಯಾರದೆಂಬುದು ಆಸ್ಪತ್ರೆಯ ಸಂಶೋಧಕರಿಗೆ ಮಾತ್ರ ತಿಳಿದಿರಬೇಕೆಂಬುದು ನಿಯಮ. ಸಂಜೆಯ ಗೊತ್ತಾದ ವೇಳೆಗೆ ಫೋನು ಸದ್ದು ಮಾಡಿ ಜ್ಞಾಪಿಸುತ್ತದೆ. ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಉತ್ತರವನ್ನು ಕೊಟ್ಟ ಗಳಿಗೆಯನ್ನು ಯಂತ್ರವೇ ಮುದ್ರೆಯೊತ್ತಿ ಇಟ್ಟುಕೊಳ್ಳುತ್ತದೆ. ಗೊತ್ತಾದ ಅವಧಿ ಮುಗಿದ ಮೇಲೆ ಆ ದಿನದ ಪುಟ ಮುಚ್ಚಿಹೋಗುತ್ತದೆ; ಮೊನ್ನೆಯ ನೋವನ್ನು ಇಂದು ಊಹಿಸಿ ಬರೆಯುವ ಅವಕಾಶವಿಲ್ಲ. ಅಂತರಜಾಲದ ಸಂಪರ್ಕವಿಲ್ಲದ ಊರಿನಲ್ಲಿದ್ದರೆ ಉತ್ತರಗಳು ಫೋನಿನಲ್ಲಿಯೇ ಗೂಢಲಿಪಿಯಲ್ಲಿ ಕಾದಿದ್ದು, ಸಂಪರ್ಕ ದೊರೆತೊಡನೆ ಕೇಂದ್ರದ ಭಂಡಾರವನ್ನು ಸೇರುತ್ತವೆ.

ತಿದ್ದುವಿಕೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1997ರಲ್ಲಿ ಹೊರಡಿಸಿದ ವಿದ್ಯುನ್ಮಾನ ದಾಖಲೆಗಳ ನಿಯಮದಂತೆ, ಒಮ್ಮೆ ಬರೆದುದನ್ನು ಅಳಿಸಿಹಾಕುವಂತಿಲ್ಲ. ಬದಲಾಯಿಸಿದರೆ ಹಳೆಯ ಉತ್ತರವೂ ಹೊಸ ಉತ್ತರವೂ, ಬದಲಾಯಿಸಿದವರು ಯಾರು ಮತ್ತು ಯಾವಾಗ ಎಂಬುದೂ ಜೊತೆಜೊತೆಯಾಗಿ ಉಳಿಯಬೇಕು. ಯಾರು ಬರೆದರೆಂಬುದು ತಿಳಿಯಬೇಕು, ಓದಲು ಬರಬೇಕು, ಆಗಿಂದಾಗಲೇ ಬರೆದುದಾಗಿರಬೇಕು, ಮೂಲಪ್ರತಿಯಾಗಿರಬೇಕು, ಯಥಾರ್ಥವಾಗಿರಬೇಕು ಎಂಬ ಐದು ಲಕ್ಷಣಗಳು ಈ ಕ್ಷೇತ್ರದವರು ಪ್ರತಿಯೊಂದು ದಾಖಲೆಯಿಂದಲೂ ಬಯಸತಕ್ಕವು. ಮೊದಲ ನಾಲ್ಕನ್ನು ಆ್ಯಪ್ ಬಹುಮಟ್ಟಿಗೆ ತಾನೇ ಪೂರೈಸಬಲ್ಲುದು. ಐದನೆಯದು, ಅಂದರೆ ಯಾಥಾರ್ಥ್ಯ, ಮನುಷ್ಯನ ಕೈಯಲ್ಲಿಯೇ ಉಳಿದಿರುವಂತಹುದು.

ಈ ಉಪಕರಣದ ಪ್ರಯೋಜನವನ್ನು ಇಡೀ ಜಗತ್ತು ತನ್ನ ಅರಿವಿಲ್ಲದೆಯೇ ಪಡೆದುದು 2020ರಲ್ಲಿ. ಫೈಜರ್ ಮತ್ತು ಬಯೋಎನ್‌ಟೆಕ್ ಸಂಸ್ಥೆಗಳ ಕೋವಿಡ್ ಲಸಿಕೆಯ ಟ್ರಯಲ್‌ನಲ್ಲಿ 43,548 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಲಸಿಕೆಯನ್ನೂ ಇನ್ನೊಂದಕ್ಕೆ ಉಪ್ಪುನೀರಿನ ಚುಚ್ಚುಮದ್ದನ್ನೂ ಕೊಟ್ಟರು. ಅವರಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಒಂದು ಉಪಗುಂಪಿನವರು ಪ್ರತಿಯೊಂದು ಚುಚ್ಚುಮದ್ದಿನ ಅನಂತರ ಏಳು ದಿನಗಳ ಕಾಲ ವಿದ್ಯುನ್ಮಾನ ದಿನಚರಿಯಲ್ಲಿ ಜ್ವರ, ತಲೆನೋವು, ಆಯಾಸ, ತೋಳಿನ ನೋವು ಮೊದಲಾದುವನ್ನು ಬರೆದರು. ಎರಡನೆಯ ಚುಚ್ಚುಮದ್ದಿನ ಅನಂತರ ಲಸಿಕೆ ಪಡೆದ ಕಿರಿಯ ವಯೋಗುಂಪಿನಲ್ಲಿ ಶೇಕಡ 59 ಮಂದಿ ಆಯಾಸವನ್ನೂ ಶೇಕಡ 52 ಮಂದಿ ತಲೆನೋವನ್ನೂ ಹೇಳಿದರು. ಆದರೆ ಬರಿಯ ಉಪ್ಪುನೀರನ್ನು ಪಡೆದ ಅದೇ ವಯಸ್ಸಿನವರಲ್ಲಿಯೂ ಶೇಕಡ 23 ಮಂದಿಗೆ ಆಯಾಸವೂ ಶೇಕಡ 24 ಮಂದಿಗೆ ತಲೆನೋವೂ ಇದ್ದುವು! ಲಸಿಕೆಯಿಂದ ಬಂದ ತಲೆನೋವೆಷ್ಟು, ಬದುಕಿನ ಸಹಜ ತಲೆನೋವೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾದುದು ಎರಡು ಗುಂಪಿನವರೂ ಒಂದೇ ಪ್ರಶ್ನೆಗಳಿಗೆ, ಒಂದೇ ಬಗೆಯಲ್ಲಿ, ಅಂದಂದೇ ಉತ್ತರಿಸಿದುದರಿಂದ. ‘ಒಂದೆರಡು ದಿನ ಮೈಕೈ ನೋವು ಬರಬಹುದು, ಹೆದರಬೇಡಿ’ ಎಂದು ಲಸಿಕಾ ಕೇಂದ್ರಗಳಲ್ಲಿ ಧೈರ್ಯ ಹೇಳುತ್ತಿದ್ದವರ ಮಾತಿನ ಹಿಂದೆ ಇಂತಹ ಸಹಸ್ರಾರು ಜನರ ಸಂಜೆಯ ಬರಹವಿದ್ದಿತು.

ಇಷ್ಟಾದರೆ ಆ್ಯಪ್ ಒಂದು ಜಾಣ ದಿನಚರಿ ಎನ್ನಬಹುದಾಗಿತ್ತು. ಆದರೆ ಫೋನಿನೊಳಗೆ ಚಲನೆಯನ್ನು ಗ್ರಹಿಸುವ ಸಾಧನವೂ ಧ್ವನಿಗ್ರಾಹಕವೂ ಸ್ಪರ್ಶವನ್ನು ಅರಿಯುವ ಪರದೆಯೂ ಇರುವುದರಿಂದ, ರೋಗಿ ಹೇಳುವುದನ್ನಷ್ಟೇ ಅಲ್ಲದೆ ಅವನ ದೇಹ ಮಾಡುವುದನ್ನೂ ಅದು ದಾಖಲಿಸಬಲ್ಲುದು. 2015ರ ಮಾರ್ಚ್ ತಿಂಗಳಿನಲ್ಲಿ ಆಪಲ್ ಸಂಸ್ಥೆ ಸಂಶೋಧಕರಿಗಾಗಿ ರಿಸರ್ಚ್‌ಕಿಟ್ ಎಂಬ ತಂತ್ರಾಂಶದ ಚೌಕಟ್ಟನ್ನು ಪ್ರಕಟಿಸಿದಾಗ, ಅದರ ಆಧಾರದ ಮೇಲೆ ರಚಿತವಾದ ಐದು ಆ್ಯಪ್‌ಗಳು ಜೊತೆಯಲ್ಲಿಯೇ ಹೊರಬಂದುವು. ಅವು ಪಾರ್ಕಿನ್‌ಸನ್ ರೋಗ, ಹೃದಯದ ಆರೋಗ್ಯ, ಆಸ್ತಮಾ, ಮಧುಮೇಹ ಮತ್ತು ಸ್ತನ ಕ್ಯಾನ್ಸರನ್ನು ಕುರಿತವು. ಅವುಗಳಲ್ಲಿ ಎಂಪವರ್ ಎಂಬ ಪಾರ್ಕಿನ್‌ಸನ್ ರೋಗದ ಆ್ಯಪ್, ಎರಡು ಬೆರಳುಗಳಿಂದ ಪರದೆಯನ್ನು ಒಂದಾದ ಮೇಲೊಂದರಂತೆ ತಟ್ಟುವಂತೆಯೂ, ಒಂದೇ ಸ್ವರವನ್ನು ಎಳೆದು ನುಡಿಯುವಂತೆಯೂ, ಫೋನನ್ನು ಜೇಬಿನಲ್ಲಿಟ್ಟುಕೊಂಡು ಕೆಲವು ಹೆಜ್ಜೆ ನಡೆಯುವಂತೆಯೂ ಭಾಗಿಗಳನ್ನು ಕೇಳುತ್ತಿದ್ದಿತು. ಬೆರಳಿನ ಮಂದಗತಿ, ಕಂಠದ ಕಂಪನ, ನಡಗೆಯ ತಡವರಿಕೆ ಇವು ಆ ರೋಗದ ಲಕ್ಷಣಗಳಷ್ಟೆ. ಕೆಲವು ತಿಂಗಳಿಗೊಮ್ಮೆ ವೈದ್ಯರ ಮುಂದೆ ಹದಿನೈದು ನಿಮಿಷ ಕುಳಿತಾಗ ಕಾಣದ ಏರುಪೇರುಗಳು, ಔಷಧ ಸೇವಿಸುವ ಮೊದಲು ಹೇಗೆ, ಸೇವಿಸಿದ ಮೇಲೆ ಹೇಗೆ ಎಂಬ ವ್ಯತ್ಯಾಸಗಳು, ಮನೆಯಲ್ಲಿಯೇ ಅಳತೆಗೆ ಸಿಕ್ಕುವುದೆಂದರೆ ಅದೊಂದು ಮಹತ್ತ್ವದ ಮುನ್ನಡೆ.

ಮುನ್ನಡೆಯ ಜೊತೆಯಲ್ಲಿಯೇ ಅದರ ಮಿತಿಗಳೂ ಹೊರಬಿದ್ದುವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮೈಹಾರ್ಟ್ ಕೌಂಟ್ಸ್ ಎಂಬ ಹೃದಯಾರೋಗ್ಯದ ಆ್ಯಪ್‌ಗೆ ಕೆಲವೇ ತಿಂಗಳುಗಳಲ್ಲಿ 48,968 ಮಂದಿ ಸಮ್ಮತಿ ಕೊಟ್ಟರು. ಹಿಂದಿನ ಕಾಲದಲ್ಲಿ ಇಷ್ಟು ಜನರನ್ನು ಕೂಡಿಸಲು ವರ್ಷಗಳು ಬೇಕಾಗುತ್ತಿದ್ದುವು. ಆದರೆ ಆ ಬಂದವರಲ್ಲಿ ಶೇಕಡ 82 ಪುರುಷರು. ವಯಸ್ಸಿನ ಮಧ್ಯಾಂಕ 36. ಹೃದ್ರೋಗದ ಅಪಾಯ ಯಾರಿಗೆ ಅಧಿಕವೋ ಆ ವೃದ್ಧರು, ಯಾರ ಹೃದ್ರೋಗವನ್ನು ವೈದ್ಯಲೋಕ ಬಹುಕಾಲ ಅಲಕ್ಷಿಸಿತೋ ಆ ಸ್ತ್ರೀಯರು, ಅವರ ಸಂಖ್ಯೆಯೇ ಅಲ್ಲಿ ಕಡಮೆ. ಬೆಲೆಬಾಳುವ ಫೋನು ಯಾರ ಕೈಯಲ್ಲಿದೆಯೋ ಅವರ ಹೃದಯವಷ್ಟೇ ಲೆಕ್ಕಕ್ಕೆ ಬಂದಿತು. ಎಣಿಕೆಯ ವೈಪುಲ್ಯ ಪ್ರಾತಿನಿಧ್ಯದ ಕೊರತೆಯನ್ನು ತುಂಬಲಾರದು. ತಪ್ಪಾದ ಲೆಕ್ಕವನ್ನು ಸಾವಿರ ಬಾರಿ ಮಾಡಿದರೂ ಅದು ಸರಿಯಾಗುವುದಿಲ್ಲ.

ಬಂದವರು ನಿಲ್ಲುವುದೂ ಕಷ್ಟ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದ ಎಂಟು ಆ್ಯಪ್ ಆಧಾರಿತ ಅಧ್ಯಯನಗಳನ್ನು ಒಟ್ಟಾಗಿಟ್ಟು 2020ರಲ್ಲಿ ಅಭಿಷೇಕ್ ಪ್ರತಾಪ್ ಮತ್ತು ಅವರ ಸಂಗಡಿಗರು ಪರಿಶೀಲಿಸಿದಾಗ, ಭಾಗಿಗಳು ಆ್ಯಪನ್ನು ಬಳಸಿದ ಅವಧಿಯ ಮಧ್ಯಾಂಕ ಐದೂವರೆ ದಿನ! ಆ್ಯಪನ್ನು ಇಳಿಸಿಕೊಳ್ಳುವ ಉತ್ಸಾಹ ವಾರ ತುಂಬುವ ಮೊದಲೇ ಇಳಿದುಹೋಗಿದ್ದಿತು. ಆ್ಯಪಿನಲ್ಲಿಯೇ ಸೇರಿ, ಕೈಗಡಿಯಾರದ ಮೂಲಕ ಹೃದಯದ ಲಯವನ್ನು ಪರೀಕ್ಷಿಸಿಕೊಂಡ 4,19,297 ಮಂದಿಯ ಆಪಲ್ ಹಾರ್ಟ್ ಸ್ಟಡಿಯಲ್ಲಿಯೂ ಹೀಗೆಯೇ ಆಯಿತು: ಲಯ ತಪ್ಪಿದೆಯೆಂಬ ಸೂಚನೆ ಬಂದುದು 2,161 ಮಂದಿಗೆ, ಅದನ್ನು ಖಚಿತಪಡಿಸಿಕೊಳ್ಳುವ ಸಲುವಾಗಿ ಎದೆಗೆ ಅಂಟಿಸಿಕೊಳ್ಳುವ ಇಸಿಜಿ ಪಟ್ಟಿಯನ್ನು ಧರಿಸಿ, ಪರಿಶೀಲನೆಗೆ ಯೋಗ್ಯವಾದ ರೀತಿಯಲ್ಲಿ ಹಿಂದಿರುಗಿಸಿದವರು 450 ಮಂದಿ ಮಾತ್ರ. ಅಪಾಯದ ಸೂಚನೆ ಪಡೆದವರಲ್ಲಿಯೇ ಹೆಚ್ಚು ಜನ ನಡುದಾರಿಯಲ್ಲಿ ಕಾಣದಾದರು.

ಹಾಗಾದರೆ ನಿಂತವರು ಯಾರು? ಪ್ರತಾಪ್ ಅವರ ಅಧ್ಯಯನ ಇದಕ್ಕೂ ಉತ್ತರ ಕೊಟ್ಟಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಅದರ ಅತ್ಯಮೂಲ್ಯ ಭಾಗ. ಭಾಗಿಗಳಿಗೆ ಹಣ ಕೊಟ್ಟಾಗ ಅವರು ನಿಲ್ಲುವ ಅವಧಿಯ ಮಧ್ಯಾಂಕ 22 ದಿನಗಳಷ್ಟು ಹೆಚ್ಚಿತು. ಆದರೆ ವೈದ್ಯರೊಬ್ಬರು ಮುಖತಃ ಹೇಳಿ ಕಳುಹಿಸಿದ್ದವರಲ್ಲಿ ಅದು 40 ದಿನಗಳಷ್ಟು ಹೆಚ್ಚಿತು. ಬಣ್ಣಬಣ್ಣದ ಪರದೆಯೂ ಗಂಟೆಗಂಟೆಯ ಜ್ಞಾಪನೆಯೂ ಮಾಡಲಾರದುದನ್ನು, ತನ್ನನ್ನು ಬಲ್ಲ ವೈದ್ಯರ ಒಂದು ಮಾತು ಮಾಡಿತು. ನಾನು ಬರೆಯುವುದನ್ನು ನನ್ನನ್ನು ಬಲ್ಲವರೊಬ್ಬರು ನೋಡುತ್ತಾರೆ ಎಂಬ ಭರವಸೆಯೇ ಮನುಷ್ಯನನ್ನು ಸತ್ಯಕ್ಕೂ ಕ್ರಮಕ್ಕೂ ಬದ್ಧನನ್ನಾಗಿ ಮಾಡುವ ಶಕ್ತಿ.

ಆ ಭರವಸೆ ಸಾರ್ಥಕವಾದಾಗ ಏನಾಗಬಲ್ಲುದೆಂಬುದಕ್ಕೆ ಒಂದು ಉಜ್ಜ್ವಲ ನಿದರ್ಶನವಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಮತ್ತು ಅವರ ತಂಡದವರು, ದೇಹದ ಇತರ ಭಾಗಗಳಿಗೆ ಹರಡಿದ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ಹನ್ನೆರಡು ಸಾಮಾನ್ಯ ಲಕ್ಷಣಗಳ ಸ್ಥಿತಿಯನ್ನು ಗಣಕದ ಮೂಲಕ ತಾವೇ ವರದಿ ಮಾಡುತ್ತಿದ್ದರು. ಯಾವುದಾದರೂ ಲಕ್ಷಣ ತೀವ್ರವಾದರೆ ಅಥವಾ ಉಲ್ಬಣಿಸಿದರೆ ಕೂಡಲೇ ದಾದಿಯರಿಗೆ ಸೂಚನೆ ಹೋಗುತ್ತಿದ್ದಿತು, ಮತ್ತು ದಾದಿಯರು ಬಹುತೇಕ ಸಂದರ್ಭಗಳಲ್ಲಿ ಅದಕ್ಕೆ ತಕ್ಕ ಕ್ರಮವನ್ನು ಕೈಗೊಳ್ಳುತ್ತಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂದಿನ ಆರೈಕೆಯ ಗುಂಪಿನಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 26 ತಿಂಗಳು. ತಮ್ಮ ಲಕ್ಷಣಗಳನ್ನು ವರದಿ ಮಾಡಿದ ಗುಂಪಿನಲ್ಲಿ 31.2 ತಿಂಗಳು. ಹೊಸ ಔಷಧವೇನನ್ನೂ ಕೊಡದೆ, ರೋಗಿಯ ಮಾತನ್ನು ಕೇಳಿ ಅದಕ್ಕೆ ಉತ್ತರಿಸಿದುದರಿಂದಲೇ ಐದು ತಿಂಗಳ ಆಯುಷ್ಯ ಕೂಡಿ ಬಂದಿತು. ಆ ಐದು ತಿಂಗಳನ್ನು ಗಳಿಸಿಕೊಟ್ಟುದು ಗಣಕವೊಂದೇ ಅಲ್ಲ. ಗಣಕದ ಆಚೆ ಎಚ್ಚರವಾಗಿದ್ದ ದಾದಿ.

ಇದರಿಂದ ತಿಳಿಯಬೇಕಾದ ನೀತಿ ಸ್ಪಷ್ಟವಾಗಿದೆ. ರಾತ್ರಿ ಎರಡು ಗಂಟೆಗೆ ‘ಎದೆ ನೋಯುತ್ತಿದೆ’ ಎಂಬ ಉತ್ತರವನ್ನು ಆ್ಯಪಿನಲ್ಲಿ ಗುರುತು ಮಾಡಿದ ರೋಗಿ, ಅದನ್ನು ಯಾರೋ ಆ ಕ್ಷಣವೇ ಓದಿ ನೆರವಿಗೆ ಬರುವರೆಂದು ಸಹಜವಾಗಿಯೇ ನಂಬಿಬಿಡುತ್ತಾನೆ. ಎಷ್ಟೋ ಟ್ರಯಲ್‌ಗಳಲ್ಲಿ ಆ ಉತ್ತರ ಭಂಡಾರವನ್ನು ಸೇರಿ, ಮಾರನೆಯ ದಿನವೋ ಮುಂದಿನ ವಾರವೋ ಕಣ್ಣಿಗೆ ಬೀಳುವಂತಹುದು. ಈ ಅಂತರವನ್ನು ರೋಗಿಗೆ ಮೊದಲೇ ತಿಳಿಸದಿರುವುದು ಕೇವಲ ಅಜಾಗರೂಕತೆಯಲ್ಲ, ಅಧರ್ಮ. ಯಾವ ಉತ್ತರಗಳು ತತ್‌ಕ್ಷಣ ವೈದ್ಯರಿಗೆ ಮುಟ್ಟುತ್ತವೆ, ಯಾವುವು ಮುಟ್ಟುವುದಿಲ್ಲ, ತುರ್ತಿನಲ್ಲಿ ಯಾರಿಗೆ ದೂರವಾಣಿ ಮಾಡಬೇಕು ಎಂಬುದು ಒಪ್ಪಿಗೆಯ ಪತ್ರದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರತಕ್ಕದ್ದು.

ಸಂವೇದಕಗಳೂ ಪ್ರಶ್ನಾತೀತವಲ್ಲ. ಬೆಳಕನ್ನು ಚರ್ಮದ ಮೂಲಕ ಹಾಯಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರನ್ನು ಕುರಿತು 2020ರಲ್ಲಿ ಅಮೆರಿಕದಿಂದ ಬಂದ ವರದಿಯೊಂದರಂತೆ, ಆಸ್ಪತ್ರೆಗಳಲ್ಲಿ ಬಳಸುವ ಆ ಉಪಕರಣ ಆಮ್ಲಜನಕ ಸಾಕಷ್ಟಿದೆಯೆಂದು ತೋರಿಸಿದಾಗಲೂ ನಿಜವಾಗಿ ಅದು ಅಪಾಯಕರವಾಗಿ ಕಡಮೆಯಾಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡ 3.6 ಇದ್ದರೆ ಕಪ್ಪು ಜನರಲ್ಲಿ ಶೇಕಡ 11.7 ಇದ್ದುವು. ನಮ್ಮ ನಾಡಿನವರ ಮೈಬಣ್ಣದ ಮೇಲೆ ಪರೀಕ್ಷಿಸಿ ನೋಡದ ಸಾಧನವನ್ನು ನಮ್ಮವರ ಮಣಿಕಟ್ಟಿಗೆ ಕಟ್ಟುವವರು ಮೊದಲು ಅದರ ಯೋಗ್ಯತೆಯನ್ನು ಇಲ್ಲಿಯೇ ಸ್ಥಾಪಿಸಿ ತೋರಿಸಬೇಕು.

ನಮ್ಮ ದೇಶದ ವಿಚಾರಕ್ಕೆ ಬರುತ್ತೇನೆ. ಜಗತ್ತಿನ ನಾನಾ ಕಡೆಗಳಲ್ಲಿ ನಡೆಯುವ ಟ್ರಯಲ್‌ಗಳ ದತ್ತಾಂಶವನ್ನು ಪರಿಶೀಲಿಸಿ ಜೋಡಿಸುವ ಕೆಲಸದಲ್ಲಿ ಬೆಂಗಳೂರಿನ ಎಷ್ಟೋ ತರುಣ ತರುಣಿಯರು ನಿರತರಾಗಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿಯೂ ಟ್ರಯಲ್‌ಗಳು ನಡೆಯುತ್ತಿವೆ. ಕಾನೂನಿನ ದೃಷ್ಟಿಯಿಂದ ಭಾರತ ಬರಿಗೈಯಲ್ಲಿಲ್ಲ. 2009ರ ಜೂನ್ ತಿಂಗಳಿನಿಂದ ಪ್ರತಿಯೊಂದು ಔಷಧ ಟ್ರಯಲ್ ಕೂಡ ಆರಂಭಕ್ಕೆ ಮೊದಲೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ದಾಖಲಾಗಬೇಕು. ಅದನ್ನು ಯಾರು ಬೇಕಾದರೂ ಹುಡುಕಿ ಓದಬಹುದು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, ಭಾಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ, ಓದುಬರಹ ಬಾರದವರ ವಿಷಯದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಹಾಜರಿರಬೇಕೆಂದೂ, ಹೊಚ್ಚಹೊಸ ರಾಸಾಯನಿಕದ ಟ್ರಯಲ್‌ನಲ್ಲಿ ದುರ್ಬಲ ವರ್ಗದವರು ಭಾಗಿಗಳಾದಾಗ ಒಪ್ಪಿಗೆಯ ಸಂಭಾಷಣೆಯನ್ನೇ ದೃಶ್ಯ ಮತ್ತು ಧ್ವನಿಮುದ್ರಣ ಮಾಡಬೇಕೆಂದೂ ವಿಧಿಸುತ್ತವೆ. ಬಡವರ ಅಜ್ಞಾನವನ್ನು ಬಳಸಿಕೊಂಡ ಟ್ರಯಲ್‌ಗಳ ಮೇಲಿನ ಆಕ್ರೋಶ ಸುಪ್ರೀಂ ಕೋರ್ಟಿನ ತನಕ ಹೋದುದರ ಫಲ ಈ ಕಟ್ಟಳೆಗಳು. ಇವನ್ನು ಪರದೆಯ ಮೇಲಿನ ‘ಒಪ್ಪಿದ್ದೇನೆ’ ಎಂಬ ಒಂದು ಗುಂಡಿಗೆ ಇಳಿಸಿಬಿಡಲು ನಾವು ಅವಕಾಶ ಕೊಡಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯೋ ಓದುವ ಆಯ್ಕೆಯನ್ನು ಪ್ರಜೆಗೆ ಕೊಟ್ಟಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ಆದರೆ ಅದೇ ಕಾಯಿದೆ, ವ್ಯಕ್ತಿಯನ್ನು ಕುರಿತು ಯಾವ ನಿರ್ಧಾರಕ್ಕೂ ಬಳಸದ ಮತ್ತು ಗೊತ್ತುಪಡಿಸಿದ ಮಾನದಂಡಗಳಿಗೆ ಒಳಪಟ್ಟ ಸಂಶೋಧನೆಗೆ ವಿನಾಯಿತಿಯನ್ನೂ ಇರಿಸಿದೆ. ಆದುದರಿಂದ ಟ್ರಯಲ್‌ಗಳ ಮಟ್ಟಿಗೆ ಪ್ರಜೆಯ ಗೋಪ್ಯತೆಯನ್ನು ಕಾಯುವ ಭಾರ ಬಹುಪಾಲು ಆಸ್ಪತ್ರೆಯ ನೈತಿಕ ಸಮಿತಿಯ ಮೇಲೆ ಬೀಳುತ್ತದೆ. ಆ್ಯಪನ್ನು ಕಟ್ಟಿದ ಸಂಸ್ಥೆ ಯಾವುದು, ದತ್ತಾಂಶ ಯಾವ ದೇಶದಲ್ಲಿ ಇರುತ್ತದೆ, ಫೋನಿನಲ್ಲಿರುವ ಸ್ಥಳದ ಮಾಹಿತಿಯನ್ನೂ ಸಂಪರ್ಕ ಸಂಖ್ಯೆಗಳನ್ನೂ ಅದು ಎಳೆದುಕೊಳ್ಳುತ್ತದೆಯೆ ಎಂಬ ಪ್ರಶ್ನೆಗಳನ್ನು, ಔಷಧದ ವಿಷತ್ವವನ್ನು ಕುರಿತು ಕೇಳುವಷ್ಟೇ ಗಂಭೀರವಾಗಿ ಆ ಸಮಿತಿಗಳು ಕೇಳಬೇಕು.

ಭಾಷೆಯ ವಿಷಯದಲ್ಲಿ ಮೈಮರೆಯುವುದು ಸುಲಭ. ನೋವನ್ನು ಕುರಿತ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದಕ್ಕೆ ಒಪ್ಪಿತವಾದ ಕ್ರಮವೊಂದಿದೆ: ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಎರಡನ್ನೂ ಸಮನ್ವಯಗೊಳಿಸಿ, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಹಿಂದಕ್ಕೆ ಇಂಗ್ಲಿಷಿಗೆ ತಿರುಗಿಸಿ, ಕಡೆಗೆ ರೋಗಿಗಳ ಮುಂದೆಯೇ ಓದಿ ಅವರು ಅರ್ಥಮಾಡಿಕೊಂಡುದೇನೆಂದು ಕೇಳಿ ತಿಳಿಯಬೇಕು. ಬೀದರಿನ ರೈತನೂ ಮಂಗಳೂರಿನ ಮೀನುಗಾರ್ತಿಯೂ ಕೊಳ್ಳೇಗಾಲದ ಅಜ್ಜಿಯೂ ಒಂದೇ ಪ್ರಶ್ನೆಯನ್ನು ಒಂದೇ ಅರ್ಥದಲ್ಲಿ ಗ್ರಹಿಸಿದರೆ ಮಾತ್ರ ಅವರ ಉತ್ತರಗಳನ್ನು ಒಂದೇ ಲೆಕ್ಕದಲ್ಲಿ ಕೂಡಿಸಬಹುದು. ಇದಕ್ಕೆ ತಿಂಗಳುಗಳ ಶ್ರಮ ಬೇಕು. ಯಂತ್ರಾನುವಾದದಿಂದ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ.

ಇನ್ನು ಸ್ಮಾರ್ಟ್‌ಫೋನೇ ಇಲ್ಲದವರ, ಅಥವಾ ಇಡೀ ಮನೆಗೆ ಒಂದೇ ಫೋನಿದ್ದು ಅದು ಮಗನ ಕೈಯಲ್ಲಿರುವ ತಾಯಂದಿರ ಸಂಗತಿ. ತನ್ನ ಗರ್ಭಕೋಶದ ತೊಂದರೆಯನ್ನು ಮಗನ ಫೋನಿನಲ್ಲಿ ಯಾವ ತಾಯಿ ಬರೆದಾಳು? ಅಂತಹವರನ್ನು ಹೊರಗಿಡುವುದಲ್ಲ, ಅವರಿಗೆ ದಾರಿ ಮಾಡಿಕೊಡುವುದು ಸಂಶೋಧಕರ ಕರ್ತವ್ಯ: ಟ್ರಯಲ್ ಮುಗಿಯುವ ತನಕ ಬೇರೆ ಫೋನನ್ನು ಕೊಡಬಹುದು, ಧ್ವನಿಯಲ್ಲಿ ಪ್ರಶ್ನೆ ಕೇಳಬಹುದು, ದಾದಿಯನ್ನು ಮನೆಗೆ ಕಳುಹಿಸಬಹುದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರೂಪುಗೊಂಡ 99ಡಾಟ್ಸ್ ಎಂಬ ಏರ್ಪಾಡು ಇಂತಹ ಜಾಣತನಕ್ಕೆ ನಿದರ್ಶನ. ಕ್ಷಯರೋಗದ ಗುಳಿಗೆಯನ್ನು ಹೊದಿಕೆಯಿಂದ ಹೊರತೆಗೆದಾಗ ಮಾತ್ರ ಅಡಗಿದ್ದ ದೂರವಾಣಿ ಸಂಖ್ಯೆಯೊಂದು ಕಾಣುತ್ತದೆ. ಅದಕ್ಕೆ ಖರ್ಚಿಲ್ಲದ ಒಂದು ಕರೆ ಮಾಡಿದರೆ ಅಂದಿನ ಗುಳಿಗೆಯ ಲೆಕ್ಕವಾಯಿತು. ಅದಕ್ಕೆ ಸಾಮಾನ್ಯ ಫೋನೇ ಸಾಕು. ಆದರೆ ಮೂತ್ರಪರೀಕ್ಷೆಯೊಡನೆ ಹೋಲಿಸಿ ನೋಡಿದಾಗ, ಗುಳಿಗೆ ನುಂಗಿಯೂ ಕರೆ ಮಾಡದವರು ಅನೇಕರು ಕಂಡುಬಂದರು. ಸರಳವಾದ ಉಪಕರಣವೂ ಮನುಷ್ಯನ ವಿಚಾರಣೆಗೆ ಬದಲಿಯಾಗಲಾರದು.

ಓದುಗರಲ್ಲಿ ಅಥವಾ ಅವರ ಬಂಧುಗಳಲ್ಲಿ ಯಾರನ್ನಾದರೂ ಒಂದು ದಿನ ಟ್ರಯಲ್‌ಗೆ ಕರೆಯಬಹುದು, ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಿ ಎನ್ನಬಹುದು. ಹೆದರಿ ಹಿಂಜರಿಯಬೇಡಿ, ಮುಂದಿನ ಪೀಳಿಗೆಯ ಔಷಧಗಳು ಇಂದು ಒಪ್ಪಿಕೊಳ್ಳುವವರ ಔದಾರ್ಯದಿಂದಲೇ ಸಿದ್ಧವಾಗಬೇಕಾಗಿದೆ. ಆದರೆ ಒಪ್ಪುವ ಮುನ್ನ ಕೇಳಿ: ಈ ಟ್ರಯಲ್‌ನ ನೋಂದಣಿ ಸಂಖ್ಯೆ ಯಾವುದು? ಪ್ರಶ್ನೆಗಳೂ ಒಪ್ಪಿಗೆಯ ಪತ್ರವೂ ಕನ್ನಡದಲ್ಲಿ ಇವೆಯೆ? ನಾನು ಬರೆದುದನ್ನು ಯಾರು, ಎಷ್ಟು ಹೊತ್ತಿನೊಳಗೆ ಓದುತ್ತಾರೆ? ಮೈ ಕೆಟ್ಟರೆ ಯಾರಿಗೆ ಕರೆ ಮಾಡಬೇಕು? ನಡುವೆ ಬಿಟ್ಟುಹೋದರೆ ಈವರೆಗಿನ ಮಾಹಿತಿ ಏನಾಗುತ್ತದೆ? ಕೊನೆಯಲ್ಲಿ ತಿಳಿದುಬಂದುದನ್ನು ನನಗೂ ತಿಳಿಸುವಿರಾ? ಒಳ್ಳೆಯ ಸಂಶೋಧಕರಿಗೆ ಈ ಪ್ರಶ್ನೆಗಳು ಅವಮಾನವಲ್ಲ, ಸಹಕಾರ. ನಮ್ಮ ಮಾತನ್ನು ಯಂತ್ರ ಬರೆದಿಡಲಿ. ಅದನ್ನು ಓದಿ ಉತ್ತರಿಸುವ ಹೊಣೆ ಹೆಸರುಳ್ಳ ಮನುಷ್ಯರೊಬ್ಬರ ಮೇಲಿರಲಿ. ಆ ಹೆಸರನ್ನು ಹೇಳಲಾರದ ಟ್ರಯಲ್‌ಗೆ ಸಹಿ ಹಾಕಬೇಡಿ.